ಮಳೆಗೆ ಮುನ್ನ ಮಾಳಿಗೆಗೆ ಮಣ್ಣು

ಇಂಡಿ, ಸಿಂದಗಿಗಳ ರೈತನು ಮಾಳಿಗೆಗೆ ಮಣ್ಣು ಹಾಕುವುದು ಮಳೆ ಸುರಿಯತೊಡಗಿದ ಮೇಲಲ್ಲ, ಆಕಾಶವು ನಿರ್ಮಲವಾಗಿರುವಾಗಲೇ. ಊರಿನ ಸಂಘಗಳು ಈ ವಿವೇಕವನ್ನು ಜ್ವರದ ವಿಷಯದಲ್ಲಿಯೂ ಪಾಲಿಸಬೇಡವೇ?

1918ರಲ್ಲಿ ಇನ್‌ಫ್ಲುಯೆಂಜಾ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡು, ಉಗಿಬಂಡಿಯೊಡನೆ ಒಳನಾಡನ್ನು ಹೊಕ್ಕಿತು. ವಿಜಾಪುರ ಜಿಲ್ಲೆ ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಹೋಟಗಿ–ಗದಗ ರೈಲುಮಾರ್ಗವು ಇಂಡಿ, ಬಾಗೇವಾಡಿಗಳ ಸೀಮೆಯನ್ನು ಹಾಯ್ದಿದ್ದಿತು. ಆ ವರ್ಷ ಮಳೆಯೂ ಕೈಕೊಟ್ಟಿತು. ಪ್ರಾಂತದಲ್ಲಿ 10 ಲಕ್ಷಕ್ಕೂ ಮಿಗಿಲಾಗಿ ಜನ ಮಡಿದರು. 20ರಿಂದ 40ರ ಪ್ರಾಯದವರನ್ನು ರೋಗವು ವಿಶೇಷವಾಗಿ ಕಾಡಿತು. ದುಡಿಯುವವರೇ ಮಲಗಿದ ಮನೆಯಲ್ಲಿ ನೀರು ಕೊಡುವವರಾರು? ಮುಂಬಯಿಯಲ್ಲಿ ಸೋಶಿಯಲ್ ಸರ್ವಿಸ್ ಲೀಗಿನಂತಹ ಸಂಘಗಳು ನೆರವಿಗೆ ನಿಂತವು. ಹಳ್ಳಿಗಳಿಗೆ ಅಂತಹ ಆಸರೆ ದುರ್ಲಭವಾಗಿದ್ದಿತು.

ಇಂದು ಲಸಿಕೆಯುಂಟು, ವೈರಾಣು ರೂಪ ಬದಲಿಸುತ್ತಿರುವುದರಿಂದ ಅದನ್ನು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕು. ಆದರೆ ಆ ಹಳೆಯ ಪ್ರಶ್ನೆ ಉಳಿದೇ ಇದೆ. ಮುದ್ದೇಬಿಹಾಳದ ಕಡೆ ಮಕ್ಕಳು ದುಡಿಮೆಗೆಂದು ಗೋವೆ, ಪುಣೆಗಳಿಗೆ ಹೋದರೆ ಎಷ್ಟೋ ಮನೆಗಳಲ್ಲಿ ಉಳಿಯುವವರು ಮುದುಕರೇ. ಆದುದರಿಂದ ಯುವಕ ಸಂಘ, ಭಜನಾ ಮಂಡಳಿ, ಸ್ತ್ರೀಶಕ್ತಿ ಸಂಘಗಳು ಈಗಲೇ ಕುಳಿತು ಒಂದು ಯಾದಿಯನ್ನು ಬರೆಯಲಿ: ಒಂಟಿ ಮುದುಕರು, ಬಸುರಿಯರು, ಉಬ್ಬಸದವರು, ಸಕ್ಕರೆ ಕಾಯಿಲೆಯವರು ಯಾರು? ಅವರಿಗೆ ಗಂಜಿ ಒಯ್ಯುವವರು ಯಾರು? ಅವರೇ ಮಲಗಿದರೆ ಬದಲಿ ಯಾರು? ಉಸಿರಾಡಲು ಕಷ್ಟಪಡುವವರನ್ನು ಆಸ್ಪತ್ರೆಗೆ ಮುಟ್ಟಿಸುವ ಗಾಡಿ ಯಾರದು? ರೋಗ ಹಬ್ಬಿದಾಗ ಸಭೆ-ಸಮಾರಂಭಗಳನ್ನು ಮುಂದೂಡುವ ಹೊಣೆ ಯಾರದು?

ಬಸವನ ಬಾಗೇವಾಡಿಯ ನೆಲಕ್ಕೆ ಕಾಯಕ, ದಾಸೋಹಗಳು ಹೊಸ ಮಾತುಗಳಲ್ಲ. ಆದರೆ ಹೆಸರು ಹಚ್ಚದ ಕಾಯಕವು ಎಲ್ಲರದೂ ಆಗಿ, ಕಡೆಗೆ ಯಾರದೂ ಆಗದೆ ಉಳಿಯುತ್ತದೆ.