ಲಜ್ಜೆ ಬೇರೆ, ಮೌನ ಬೇರೆ

ದಾಂಪತ್ಯದ ದೇಹಧರ್ಮವನ್ನು ಕುರಿತು ಬಾಯ್ದೆರೆಯುವುದೇ ಮತವಿರುದ್ಧವೆಂದು ಉಡುಪಿ, ಕಾಪು, ಕಾರ್ಕಳಗಳ ಬ್ಯಾರಿ ಮನೆತನಗಳಲ್ಲಿ ವಾದಿಸುವವರುಂಟು. ಇದು ರೂಢಿಯೇ ಹೊರತು ಶಾಸ್ತ್ರವಲ್ಲ. 1111ರಲ್ಲಿ ದಿವಂಗತರಾದ ಇಮಾಮ್ ಗಜ್ಜಾಲಿಯವರು ತಮ್ಮ ‘ಇಹ್ಯಾ ಉಲೂಮುದ್ದೀನ್’ ಗ್ರಂಥದ 40 ಭಾಗಗಳಲ್ಲಿ ಒಂದನ್ನು ವಿವಾಹಧರ್ಮಕ್ಕೇ ಮೀಸಲಿಟ್ಟರು. ಪತ್ನಿಯ ತೃಪ್ತಿಯನ್ನು ನೋಡದೆ ಪತಿಯು ವಿಮುಖನಾಗಬಾರದೆಂದು ಅಲ್ಲಿ ವಿಧಿಸಿದರು. ವಾತ್ಸ್ಯಾಯನನನ್ನು ಪಡೆದೂ ಮನೆಯೊಳಗೆ ಮೂಕರಾಗಿರುವ ಹಿಂದೂಗಳು ಇದನ್ನು ಕೇಳಿ ನಗುವಂತಿಲ್ಲ.

ಹೆಣ್ಣಿನ ಇಚ್ಛೆಯನ್ನು ಯಾರೂ ಕೇಳದಿದ್ದರೆ ಆಗುವುದೇನೆಂಬುದಕ್ಕೆ ಸಾರಾ ಅಬೂಬಕ್ಕರರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾಳೇ ಸಾಕ್ಷಿ. ಓದಿ ಮರುಗಿದರಷ್ಟೇ ಸಾಲದು. ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ವಿದ್ಯಾಲಯವಿದೆ. ಕೊರತೆಯಿರುವುದು ವೈದ್ಯರಿಗಲ್ಲ, ಕೇಳುವ ಧೈರ್ಯಕ್ಕೆ. ನಿಕಾಹಿಗೆ ಮುನ್ನ ತಾಯಿಯು ಮಗಳಿಗೂ ಉಸ್ತಾದರು ವರನಿಗೂ ಇಮಾಮರ ಆ ಭಾಗವನ್ನು ತಿಳಿಯಹೇಳಲಿ. ಲಜ್ಜೆಯು ಭೂಷಣವಹುದು, ಅಜ್ಞಾನವು ಯಾವ ಮತಕ್ಕೂ ಭೂಷಣವಲ್ಲ.