ಏಳು ಕೋಳಿ, ಏಳು ಸಲ

ಹೋದ ತಿಂಗಳು ಒಂದು ಶುಕ್ರವಾರ ಸಂಜೆ ಹೇಳದೆ ಕೇಳದೆ ಕಲಬುರಗಿಯಿಂದ ಊರಿನ ಬಸ್ ಹತ್ತಿದೆ. ಕಮಲಾಪುರ ಹುಮನಾಬಾದ್ ರಸ್ತೆಯಲ್ಲಿ, ಒಂದು ತಾಸಿನ ದಾರಿ. ಮನೆ ಮುಟ್ಟಿದಾಗ ಕತ್ತಲಾಗಿತ್ತು, ಮುಂದಿನ ಬಾಗಿಲು ತೆರೆದೇ ಇತ್ತು, ಅವ್ವ ಇರಲಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ಸಣ್ಣ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ಒಂದು ದಪ್ಪ ಕೋಳಿ ಹಿಡಿದು, ಎದೆಯೆತ್ತರದ ಗೂಡಿನ ಬಾಗಿಲಿಗೆ ಎತ್ತಿ ಒಳಗೆ ತಳ್ಳುತ್ತಿದ್ದಳು.

"ಇದೇನವ್ವಾ?"

ಟಾರ್ಚ್ ತೆಗೆದು, "ಮಲಗಸ್ಲಾಕತ್ತೀನಿ. ಏಳ್ ಕೋಳಿ ಅದಾವ, ಏಳ್ ಸಲ ಬಗ್ಗಬೇಕು. ಅಷ್ಟ" ಅಂದಳು.

ಆ ಗೂಡು ಮಾಡಿಸಿದವಳು ನಾನೇ. ಎರಡು ತಿಂಗಳ ಹಿಂದೆ ಅದರ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಿ ಎಲ್ಲರಿಂದ ಶಭಾಷ್ ಅನ್ನಿಸಿಕೊಂಡಿದ್ದೆ. ಅವ್ವನೂ ಹೆಬ್ಬೆರಳು ಒತ್ತಿದ್ದಳು. ದಿನಾ ರಾತ್ರಿ ಎತ್ತಿ ಹಾಕುತ್ತಿದ್ದೇನೆ ಅಂತ ಮಾತ್ರ ಒಂದು ಸಲವೂ ಹೇಳಿರಲಿಲ್ಲ. "ಪಾಪ, ರೊಕ್ಕ ಹಾಕಿ ಮಾಡಿಸೀದಿ" ಅನ್ನುವುದು ಅವಳ ಕಾರಣ. ಆ ರಾತ್ರಿ ಅವಳ ಬಲಭುಜಕ್ಕೆ ಮುಲಾಮು ಹಚ್ಚಿದೆ.

ಅಪ್ಪ ಹೋದ ಮೇಲೆ ಅವ್ವ ಊರಲ್ಲಿ ಒಬ್ಬಳೇ. ಸಿಟಿಗೆ ಬಾ ಅಂದಾಗಲೆಲ್ಲ "ಕೋಳಿ ಯಾರ್ ನೋಡ್ತಾರ?" ಅನ್ನುತ್ತಾಳೆ. ಮೊದಲು ಒಂಬತ್ತಿದ್ದವು. ಗೋಡೆ ಬದಿಗೆ ನೆಲದ ಮೇಲೇ ಮಲಗುತ್ತಿದ್ದವು. ಒಂದನ್ನು ಮುಂಗುಸಿ ಕೊಂದಿತು, ಇನ್ನೊಂದನ್ನು ಬೀದಿನಾಯಿ. ಆಗಲೇ ನಾನು ಗೂಡಿನ ಯೋಜನೆ ಶುರು ಮಾಡಿದ್ದು. ಯಾವುದೋ ವಿದೇಶಿ ಮನೆಯ ಚಿತ್ರ ನೋಡಿ, ಅಳತೆ ಹಾಕಿ, ಬಡಿಗೇರರಿಗೆ ಕೊಟ್ಟೆ. ನಾಲ್ಕು ಅಡಿ ಎತ್ತರದ ಕಾಲು, ತಗಡಿನ ಮಾಳಿಗೆ, ಕಡಿದಾದ ಏಣಿ, ಒಳಗೆ ಇನ್ನೂ ಮೇಲೆ ಒಂದು ದುಂಡನೆಯ ಕೋಲು. ನೋಡಲಿಕ್ಕೆ ಬಹಳ ಚಂದ.

ಕೋಳಿಗಳಿಗೆ ಗೂಡಿನ ರೂಢಿ ಆಗಲಿ ಅಂತ ಮೊದಲ ಐದು ದಿನ ಒಳಗೇ ನೀರು, ಜೋಳದ ನುಚ್ಚು ಇಟ್ಟು ಬಾಗಿಲು ಹಾಕಿದೆವು. ಆ ಕ್ರಮ ತಪ್ಪಲ್ಲ; ಮಲಗುವ ಜಾಗ ಇದೇ ಅನ್ನುವುದು ಹಾಗೇ ಅವುಗಳ ತಲೆಗೆ ಹೋಗುತ್ತದೆ. ನಮ್ಮವಕ್ಕೂ ಹೋಗಿತ್ತು. ಆರನೇ ದಿನ ಬಿಟ್ಟಾಗ ಸಂಜೆ ಏಳೂ ಗೂಡಿನ ಹತ್ತಿರ ತಾವಾಗೇ ಬಂದವು, ಏಣಿ ಕೆಳಗೆ ನಿಂತು ಕತ್ತೆತ್ತಿ ನೋಡಿದವು, ಆಮೇಲೆ ಗೂಡಿನ ಅಡಿಗೇ ಒತ್ತಿಕೊಂಡು ಮಲಗಿದವು. ನಾನು ಅದನ್ನು ಹಟ ಅಂದುಕೊಂಡು, ಇನ್ನೂ ಸ್ವಲ್ಪ ದಿನ ಕಾಯಿ ಅಂತ ಅವ್ವನಿಗೆ ಹೇಳಿ ಸಿಟಿಗೆ ಹೊರಟುಬಿಟ್ಟೆ.

ಹಟ ಅಲ್ಲ, ತೂಕ. ಇವು ಜವಾರಿ ಕೋಳಿಯಲ್ಲ, ಗಿರಿರಾಜ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಲ್ಲಿ ಸಾಕಲೆಂದೇ ಬೆಳೆಸಿದ ತಳಿ. ಚೆನ್ನಾಗಿ ಮೇಯ್ದ ಕೋಳಿ ಮೂರು ಕೆಜಿ ಸಲೀಸಾಗಿ ದಾಟುತ್ತದೆ, ಹುಂಜ ಇನ್ನೂ ಹೆಚ್ಚು. ಆಮೇಲೆ ಬಂದ ಸ್ವರ್ಣಧಾರ ತಳಿ ಇದಕ್ಕಿಂತ ಹಗುರ, ಕಾಡುಬೆಕ್ಕು, ನರಿ ಬಂದರೆ ತಪ್ಪಿಸಿಕೊಳ್ಳುವುದು ಅದಕ್ಕೆ ಸುಲಭ ಅನ್ನುತ್ತಾರೆ. ಜವಾರಿ ಕೋಳಿ ಒಂದೇ ಜಿಗಿತಕ್ಕೆ ಬೇವಿನ ಟೊಂಗೆ ಸೇರುತ್ತದೆ. ಗಿರಿರಾಜನಿಗೂ ಸಂಜೆಯಾದರೆ ಮೇಲೆ ಹೋಗಬೇಕು ಅನ್ನುವ ಕಾಡುಕೋಳಿಯ ಆಸೆ ಉಂಟು, ಆದರೆ ರೆಕ್ಕೆಗೆ ಆ ಮೈ ಎತ್ತುವ ಶಕ್ತಿ ಇಲ್ಲ. ಸಾಲದ್ದಕ್ಕೆ ಕೋಳಿಗೆ ಕತ್ತಲಲ್ಲಿ ಸರಿಯಾಗಿ ಕಾಣುವುದಿಲ್ಲ. ಕಡಿದಾದ ಏಣಿ, ಮೇಲೆ ಕತ್ತಲ ಬಾಗಿಲು. ನಾನಾದರೂ ಏರುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಒಂದೊಂದೇ ಕೋಳಿಯನ್ನು ಮಡಿಲಲ್ಲಿಟ್ಟು ಪಾದ ನೋಡಿದೆ. ಎರಡರ ಪಾದದಡಿ ಊದಿ ಗಂಟಾಗಿತ್ತು, ನಡುವೆ ಕಪ್ಪು ಹಕ್ಕಳೆ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಅಷ್ಟೆತ್ತರದಿಂದ ಧೊಪ್ಪಂತ ಶಹಾಬಾದ್ ಪರಸಿ ಕಲ್ಲಿನ ಮೇಲೆ ಹಾರುತ್ತಿದ್ದವಲ್ಲ, ಅದರ ಫಲ. ಭಾರದ ಕೋಳಿ ಗಟ್ಟಿ ನೆಲಕ್ಕೆ ದಿನಾ ಹಾರಿದರೆ ಪಾದಕ್ಕೆ ಪೆಟ್ಟಾಗಿ, ಗಾಯದೊಳಗೆ ಸೋಂಕು ಸೇರುತ್ತದೆ. ಎರಡನ್ನೂ ಬುಟ್ಟಿಯಲ್ಲಿ ಹಾಕಿಕೊಂಡು ಪಶು ವೈದ್ಯರ ಹತ್ತಿರ ಹೋದೆವು. ಅವರು ಔಷಧ ಕೊಟ್ಟು ಕೇಳಿದ್ದು ಒಂದೇ ಪ್ರಶ್ನೆ: "ಕೂಡೋ ಕೋಲು ಎಷ್ಟ್ ಎತ್ತರ ಐತ್ರಿ?" ನಾನು ಹೇಳಿದೆ. ಅವರು ನಕ್ಕರು.

ಭಾನುವಾರ ಬಡಿಗೇರ ಕಾಕಾ ಬಂದು ಗೂಡಿನ ಕಾಲು ಕೊಯ್ದರು. ಈಗ ನೆಲದಿಂದ ಬರೀ ಒಂದು ಅಡಿ. ಏಣಿ ತೆಗೆದು ನಾಲ್ಕು ಅಡಿ ಉದ್ದದ, ಅಗಲವಾದ ಹಲಗೆ ಇಳಿಜಾರಾಗಿ ಇಟ್ಟೆವು. ಕಾಲು ಜಾರದಂತೆ ಗೇಣಿಗೊಂದು ಕಟ್ಟಿಗೆ ಪಟ್ಟಿ. ಒಳಗಿನ ದುಂಡು ಕೋಲಿನ ಬದಲು ನಾಲ್ಕು ಇಂಚು ಅಗಲದ ಚಪ್ಪಟೆ ಪಟ್ಟಿ, ಅಂಚು ಉಜ್ಜಿ ನುಣುಪು ಮಾಡಿದ್ದು, ಗೂಡಿನ ನೆಲದಿಂದ ಒಂದು ಅಡಿ ಮೇಲೆ. ಭಾರದ ಕೋಳಿ ಅದರ ಮೇಲೆ ಪಾದ ಪೂರ್ತಿ ಊರಿ ಕೂರುತ್ತದೆ. ಎಲ್ಲ ಪಟ್ಟಿಗಳೂ ಒಂದೇ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಮೇಲಿನ ಜಾಗಕ್ಕೆ ಜಗಳ. (ನಮ್ಮ ಆಫೀಸಿನ ಕಿಟಕಿ ಪಕ್ಕದ ಸೀಟು ನೆನಪಾಯಿತು.) ಕೋಳಿಗೆ ಒಂದೊಂದು ಅಡಿ ಜಾಗ ಲೆಕ್ಕ ಹಾಕಿದೆವು. ಕೆಳಗೆ, ಒಳಗೂ ಹೊರಗೂ, ಶೇಂಗಾ ಹೊಟ್ಟು ಹಾಸಿದೆವು. ನಾಯಿ, ಮುಂಗುಸಿಗಳಿಗೆ ಅಂತ ಅರ್ಧ ಇಂಚಿನ ಬೆಸುಗೆ ಜಾಲರಿ. ತೆಳು ಕೋಳಿ ಜಾಲರಿಯನ್ನು ನಾಯಿ ಹರಿದು ಒಳಗೆ ನುಗ್ಗುತ್ತದೆ.

ಮೊದಲ ಸಂಜೆ ಒಂದೂ ಹತ್ತಲಿಲ್ಲ. ನನ್ನ ಮುಖ ನೋಡಿ ಅವ್ವ ಒಳಗೆ ಹೋದಳು, ಒಂದು ಚಿಕ್ಕ ಚಾರ್ಜಿಂಗ್ ಲೈಟ್ ತಂದು ಗೂಡಿನೊಳಗೆ ತೂಗುಹಾಕಿದಳು, ಹಲಗೆ ಮೇಲೆ ಮೊದಲಿಂದ ಕೊನೆತನಕ ಜೋಳ ಉದುರಿಸಿದಳು. ಹೊರಗಡೆ ಕತ್ತಲು, ಒಳಗೆ ಬೆಳಕು. ಕುಂಟುವ ಕೋಳಿಯೇ ಮೊದಲು ಹತ್ತಿತು, ಜೋಳ ಹೆಕ್ಕುತ್ತ ಹೆಕ್ಕುತ್ತ. ಅದರ ಹಿಂದೆ ಮೂರು. ಉಳಿದ ಮೂರನ್ನು ನಾನು ಎತ್ತಿ ಹಾಕಿದೆ. ಮೂರನೆಯದಕ್ಕೆ ಬಗ್ಗುವಷ್ಟರಲ್ಲಿ ನನ್ನ ನಡುವೇ ಹಿಡಿದುಕೊಂಡಿತು. ನನಗೆ ಮೂವತ್ತು, ಅವ್ವನಿಗೆ ಅರವತ್ತೊಂದು.

ಈಗ ಮೂರು ವಾರವಾಯಿತು. ದಿನಾ ಏಳು ಗಂಟೆಗೆ ಫೋನ್ ಮಾಡಿ "ಎಷ್ಟು?" ಅಂತ ಕೇಳುತ್ತೇನೆ. ನಾಲ್ಕು, ಐದು, ಮತ್ತೆ ನಾಲ್ಕು, ಆರು. ಮೊನ್ನೆಯಿಂದ ಆರಕ್ಕೇ ನಿಂತಿದೆ. ಹುಂಜ ಮಾತ್ರ ಹಲಗೆಯ ಅರ್ಧಕ್ಕೆ ಬಂದು ಕೂತುಬಿಡುತ್ತದಂತೆ. "ಖರೇ ಹೇಳ್ ಅವ್ವಾ" ಅಂದರೆ ವಿಡಿಯೋ ಕಾಲ್ ಹಚ್ಚಿ ಗೂಡಿಗೆ ಹಿಡಿಯುತ್ತಾಳೆ. ಲೈಟು ಒಳಗಿರುವುದರಿಂದ ಎಣಿಸಲು ಬರುತ್ತದೆ.

ಮಾಳಿಗೆ ಇನ್ನೂ ಬಾಕಿ ಇದೆ. ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಕಾದ ತಗಡು ಸಂಜೆಯಾದರೂ ಆರುವುದಿಲ್ಲ. ಕೋಳಿಗೆ ಬೆವರಿಲ್ಲ, ಬಾಯಿ ತೆರೆದು ಏದುಸಿರು ಬಿಡುವುದೇ ಮುಖ್ಯ ದಾರಿ. ಒಳಗೆ ಸೆಕೆ ಇದ್ದರೆ ಆ ಆರೂ ಮತ್ತೆ ಹೊರಗೇ ಮಲಗುತ್ತವೆ. ತಗಡನ್ನು ಒಂದು ಗೇಣು ಮೇಲಕ್ಕೆತ್ತಿ, ಸಂದಿಗೆ ಜಾಲರಿ ಹೊಡೆದು, ಮೇಲೆ ತೊಗರಿ ಕಟ್ಟಿಗೆ ಹೊದಿಸಬೇಕು. ಕಾಕಾ ಈ ಭಾನುವಾರ ಬರ್ತೀನಿ ಅಂದಿದ್ದಾರೆ. ಬರುವಾಗ ಸಿಟಿಯಿಂದ ಸುತಳಿ ತಾ, ಗಟ್ಟಿದು ನೋಡಿ ತಾ ಅಂತ ಅವ್ವ ಎರಡು ಸಲ ಹೇಳಿದ್ದಾಳೆ.