ತಲೆಬುರುಡೆಯೊಳಗಿನ ರಬ್ಬರು

ಪ್ರೌಢಶಾಲೆಯಲ್ಲಿ ರಬ್ಬರಿನ ಪಾಠ ಹೇಳುವಾಗ ನಾವು ಗಂಧಕ ಬೆರೆಸುವ ವಲ್ಕನೀಕರಣಕ್ಕೆ ಬಂದು ನಿಂತುಬಿಡುತ್ತಿದ್ದೆವು. ಉದಾಹರಣೆಗೆ ಗಾಡಿಯ ಟೈರು. ಮನುಷ್ಯನ ಮೈಯೊಳಗೆ ವರ್ಷಗಟ್ಟಲೆ ಉಳಿಯಬೇಕಾದ ರಬ್ಬರಿನ ಮಾತೇ ಬರುತ್ತಿರಲಿಲ್ಲ.

ಸಿಲಿಕೋನ್ ರಬ್ಬರು ಅಂಥದ್ದು. ಸಹಜ ರಬ್ಬರಿನ ಬೆನ್ನೆಲುಬು ಇಂಗಾಲದ ಸರಪಳಿ; ಅದರಲ್ಲಿರುವ ದ್ವಿಬಂಧಗಳು ಆಮ್ಲಜನಕಕ್ಕೆ ಸುಲಭದ ತುತ್ತು. ಸಿಲಿಕೋನಿನಲ್ಲಾದರೋ ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದಾದ ಮೇಲೊಂದರಂತೆ ಹೆಣೆದುಕೊಂಡಿವೆ. ಆವಿಯಲ್ಲಿಟ್ಟು ಕ್ರಿಮಿಶುದ್ಧಿ ಮಾಡಿದರೂ ಅದು ಕೆಡದು. ದೇಹವೂ ಅದನ್ನು ಬಹುಮಟ್ಟಿಗೆ ಸಹಿಸಿಕೊಳ್ಳುತ್ತದೆ.

1955ರಲ್ಲಿ ಅಮೆರಿಕದ ಯಂತ್ರಕುಶಲಿ ಜಾನ್ ಹೋಲ್ಟರ್ ಅವರ ಮಗುವಿಗೆ ಮಿದುಳಿನಲ್ಲಿ ನೀರು ತುಂಬುವ ಕಾಯಿಲೆಯಿತ್ತು. ಆ ದ್ರವವನ್ನು ರಕ್ತನಾಳಕ್ಕೆ ಇಳಿಸಬೇಕು. ರಕ್ತ ಮಾತ್ರ ಹಿಂದಕ್ಕೆ ಏರಬಾರದು. ಹೋಲ್ಟರ್ ಅವರು ಸೀಳುಗಳುಳ್ಳ ಪುಟ್ಟ ಕವಾಟವನ್ನು ರೂಪಿಸಿದರು. ಸಿಲಿಕೋನ್ ಒದಗಿದ ಮೇಲೆ ಅದು ಮೈಗೆ ಒಗ್ಗಿತು. 1956ರಲ್ಲಿ ಶಸ್ತ್ರವೈದ್ಯ ಯೂಜೀನ್ ಸ್ಪಿಟ್ಜ್ ಅದನ್ನು ಬಳಕೆಗೆ ತಂದರು. ವೈದ್ಯರಲ್ಲದ, ರಸಾಯನಶಾಸ್ತ್ರಜ್ಞರೂ ಅಲ್ಲದ ಒಬ್ಬ ತಂದೆ!

ಇಂಥ ಸಾಧನ ಎಂದೊಡನೆ ನಮ್ಮವರು 'ಫಾರಿನ್ನಿನದೇ ಹಾಕಿಸಿ' ಎನ್ನುತ್ತಾರೆ. ಈ ಮಾತಿಗೆ ನನ್ನ ತಕರಾರಿದೆ. ಉತ್ತರ ಪ್ರದೇಶದ ಷಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಷಂಟ್ ಅನ್ನು ಉಗಾಂಡದ ಮಕ್ಕಳಲ್ಲಿ ಅಮೆರಿಕದ ದುಬಾರಿ ಷಂಟಿನೊಂದಿಗೆ ಹೋಲಿಸಿ ನೋಡಿದರು. ಒಂದರ ಬೆಲೆ ಸುಮಾರು 35 ಡಾಲರ್, ಇನ್ನೊಂದರದು 650. ಒಂದು ವರ್ಷದ ಬಳಿಕ ಫಲಿತಾಂಶದಲ್ಲಿ ಗಣನೀಯ ಅಂತರ ಕಾಣಲಿಲ್ಲವೆಂದು 2005ರಲ್ಲಿ ಬೆಂಜಮಿನ್ ವಾರ್ಫ್ ಪ್ರಕಟಿಸಿದರು. ಮಗುವಿನ ತಲೆ ದಿನದಿನಕ್ಕೆ ದೊಡ್ಡದಾಗುತ್ತಿರುವಾಗ ಹಣ ಹೊಂದಿಸಲು ಅಲೆಯುವ ತಾಯಿಗೆ ಈ ಅಂಕಿಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಮಗ್ಗುಲಿಗೆ ಫ್ರಾನ್ಸಿನ ಪಿ.ಐ.ಪಿ. ಕಂಪನಿಯ ಕಥೆಯನ್ನಿಟ್ಟು ನೋಡಿ. ಅದರ ಸ್ತನ ಕಸಿಸಾಧನಗಳಿಗೆ ಯುರೋಪಿನ ಸಿ.ಇ. ಮುದ್ರೆಯಿತ್ತು, ಒಳಗೆ ತುಂಬಿದ್ದು ಮಾತ್ರ ಕೈಗಾರಿಕಾ ದರ್ಜೆಯ ಸಿಲಿಕೋನ್. 2010ರಲ್ಲಿ ವಂಚನೆ ಬಯಲಾಯಿತು, 2013ರಲ್ಲಿ ಸ್ಥಾಪಕನಿಗೆ ಸೆರೆವಾಸದ ಶಿಕ್ಷೆಯಾಯಿತು. ಹೆಸರು ಒಂದೇ, ದರ್ಜೆ ಬೇರೆ. ಅಡುಗೆಗೂ ದೀಪಕ್ಕೂ ಬೇರೆ ಬೇರೆ ಎಣ್ಣೆ ಇಡುವ ನಮ್ಮ ಅಜ್ಜಿಯರಿಗೆ ಈ ವಿವೇಕವಿತ್ತು.

ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿವೆ, ಸಂತೋಷ. ಆದರೆ ಕಡತ ನೋಡಿ ರುಜು ಹಾಕುವ ತಪಾಸಣೆ ಸಾಲದು. ಅಧಿಕಾರಿಗಳು ಮುನ್ಸೂಚನೆಯಿಲ್ಲದೆ ಕಾರ್ಖಾನೆಗೆ ಹೋಗಿ, ಪೀಪಾಯಿಯಿಂದಲೇ ಕಚ್ಚಾವಸ್ತುವಿನ ಮಾದರಿ ತೆಗೆದು ಪರೀಕ್ಷಿಸಬೇಕು. ಆ ವರದಿ ಶಸ್ತ್ರವೈದ್ಯರಿಗೂ ರೋಗಿಯ ಮನೆಯವರಿಗೂ ಕೇಳಿದೊಡನೆ ಸಿಗಬೇಕು.